ನಮ್ಮೆದೆಯ ಹೃದಯ: ಅದರ ರಚನೆ, ಕಾರ್ಯ ಮತ್ತು ನಮ್ಮ ಕರ್ತವ್ಯ

ಜೂನ್ ತಿಂಗಳು ಯೇಸುವಿನ ಪವಿತ್ರ ಹೃದಯಕ್ಕೆ ಮೀಸಲಾದ ತಿಂಗಳು. ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಪೀಠದ ಮೇಲಿರುವ ಪವಿತ್ರ ಹೃದಯದ ಚಿತ್ರ ಮತ್ತು ಅದರ ಮುಂದೆ ಹಗಲಿರುಳು ಉರಿಯುವ ಸಣ್ಣ ಕೆಂಪು ದೀಪ. ಫ್ರಾನ್ಸಿನ ಪಾರೆ-ಲ-ಮೋನಿಯಾಲ್ ಎಂಬಲ್ಲಿನ ಕಾನ್ವೆಂಟಿನಲ್ಲಿ 1673ರಿಂದ ಸಂತ ಮಾರ್ಗರೆಟ್ ಮೇರಿ ಅಲಕೋಕ್ ಅವರಿಗೆ ಆದ ದರ್ಶನಗಳಿಂದ ಈ ಭಕ್ತಿ ವ್ಯಾಪಕವಾಗಿ ಹರಡಿತು. 1856ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಅವರು ಪವಿತ್ರ ಹೃದಯದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ದಿವಂಗತ ಪೋಪ್ ಫ್ರಾನ್ಸಿಸ್ ಅವರು 2024ರ ಅಕ್ಟೋಬರ್ 24ರಂದು ಹೊರಡಿಸಿದ 'ದಿಲೆಕ್ಸಿತ್ ನೋಸ್' ಎಂಬ ವಿಶ್ವಪತ್ರದ ವಿಷಯವೂ ಪ್ರಭುವಿನ ಹೃದಯವೇ.

ಪ್ರಭುವಿನ ಹೃದಯದ ಬಗ್ಗೆ ಇಷ್ಟು ಧ್ಯಾನಿಸುವ ನಾವು, ಅದೇ ಪ್ರಭು ನಮ್ಮ ಎದೆಯೊಳಗೆ ಇಟ್ಟಿರುವ ಹೃದಯದ ಬಗ್ಗೆ ಎಷ್ಟು ತಿಳಿದಿದ್ದೇವೆ? ಬಹಳ ಕಡಿಮೆ. ಇದನ್ನು ನಾವು ದುಃಖದ ದಾರಿಯಲ್ಲಿ ಕಲಿತೆವು.

ಒಂದು ಭಾನುವಾರ ಬೆಳಗ್ಗಿನ ಮೊದಲ ಪೂಜೆ ಮುಗಿದ ಮೇಲೆ ನಮ್ಮ ವಾಳೆಯ ಹಿರಿಯರೊಬ್ಬರು ಚರ್ಚಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಎದೆಯ ಮೇಲೆ ಯಾರೋ ಕಲ್ಲು ಇಟ್ಟ ಹಾಗಾಗುತ್ತಿದೆ ಎಂದರು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಸುತ್ತ ನಿಂತವರು ನಾವೇ. 'ನಿನ್ನೆ ಮದುವೆ ಮನೆಯ ಊಟ ತಡವಾಯಿತಲ್ಲ, ಗ್ಯಾಸ್ಟ್ರಿಕ್ ಇರಬೇಕು' ಎಂದು ನಮ್ಮಲ್ಲೇ ಒಬ್ಬರು ಹೇಳಿದರು. ಅಂಗಡಿಯಿಂದ ಸೋಡಾ ತರಿಸಿ ಕುಡಿಸಿದೆವು. ಸ್ವಲ್ಪ ಕಡಿಮೆಯಾಯಿತು ಎಂದು ಅವರು ಮನೆಗೆ ಹೋದರು. ಮಧ್ಯಾಹ್ನ ನೋವು ಮರುಕಳಿಸಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ತೀರಿಕೊಂಡರು. ಚರ್ಚಿನಿಂದ ಆಸ್ಪತ್ರೆಗೆ ಇದ್ದದ್ದು ಅರ್ಧ ಗಂಟೆಯ ದಾರಿ. ನಮ್ಮಲ್ಲಿದ್ದ ಸಮಯ ನಾಲ್ಕು ಗಂಟೆ.

ಆ ದಿನ ನಮ್ಮಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ತಿಳಿವಳಿಕೆಗೆ. ಹೃದಯ ಹೇಗೆ ರಚನೆಯಾಗಿದೆ, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪವಾದರೂ ತಿಳಿದಿದ್ದರೆ ಆ ಬೆವರಿನ ಅರ್ಥ ನಮಗೆ ಆಗುತ್ತಿತ್ತು. ಆದ್ದರಿಂದ ವೈದ್ಯರಲ್ಲಿ ಕೇಳಿ, ಓದಿ ತಿಳಿದುಕೊಂಡ ವಿಷಯವನ್ನು ಸರಳವಾಗಿ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಎಲ್ಲಿದೆ, ಎಷ್ಟಿದೆ?

ಹೃದಯ ಎಂದ ಕೂಡಲೇ ನಾವು ಎಡ ಎದೆಗೆ ಕೈ ಇಡುತ್ತೇವೆ. ವಾಸ್ತವದಲ್ಲಿ ಅದು ಎದೆಯ ನಡುವಿನ ಮೂಳೆಯ ಹಿಂದೆ, ಎರಡು ಶ್ವಾಸಕೋಶಗಳ ನಡುವೆ ಇದೆ. ಅದರ ಸುಮಾರು ಮೂರನೇ ಎರಡು ಭಾಗ ನಡುಗೆರೆಯಿಂದ ಎಡಕ್ಕೆ ಚಾಚಿಕೊಂಡಿದೆ. ಕೆಳಗಿನ ತುದಿ ಎಡಕ್ಕೆ ವಾಲಿರುವುದರಿಂದ ಬಡಿತ ಅಲ್ಲಿ ಚೆನ್ನಾಗಿ ಕೈಗೆ ಸಿಗುತ್ತದೆ, ಅಷ್ಟೇ. ಇದು ಸಣ್ಣ ವಿಷಯವಲ್ಲ. ನೋವು ಎದೆಯ ನಡುವೆ ಬಂದರೆ 'ಹೃದಯ ಎಡಗಡೆ ಅಲ್ಲವೇ, ಇದು ಹೃದಯದ್ದಲ್ಲ' ಎಂದು ಸಮಾಧಾನಪಟ್ಟುಕೊಳ್ಳುವವರು ಹಲವರಿದ್ದಾರೆ.

ಗಾತ್ರದಲ್ಲಿ ಅದು ಅವರವರ ಮುಷ್ಟಿಯಷ್ಟು. ತೂಕ ವಯಸ್ಕರಲ್ಲಿ ಸುಮಾರು 250ರಿಂದ 350 ಗ್ರಾಂ. ಅದನ್ನು ಎರಡು ಪದರದ ತೆಳುವಾದ ಚೀಲವೊಂದು ಸುತ್ತಿಕೊಂಡಿದೆ. ಪದರಗಳ ನಡುವೆ ಸ್ವಲ್ಪ ದ್ರವವಿದ್ದು, ಹೃದಯ ಪ್ರತಿ ಬಡಿತಕ್ಕೂ ಅಲುಗಾಡುವಾಗ ಉಜ್ಜದಂತೆ ಎಣ್ಣೆಯ ಹಾಗೆ ಕೆಲಸ ಮಾಡುತ್ತದೆ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 70 ಬಾರಿ ಬಡಿಯುತ್ತದೆ. ಒಂದೊಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರಗೆ ತಳ್ಳುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 5 ಲೀಟರ್. ನಮ್ಮ ದೇಹದಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದೇ ನಿಮಿಷದಲ್ಲಿ ದೇಹದ ರಕ್ತವೆಲ್ಲ ಒಂದು ಸುತ್ತು ಬರುತ್ತದೆ. ದಿನಕ್ಕೆ ಬಡಿತಗಳು ಸುಮಾರು ಒಂದು ಲಕ್ಷ; ಹರಿಸುವ ರಕ್ತ 7,000 ಲೀಟರ್‌ಗೂ ಹೆಚ್ಚು. ಗರ್ಭಧರಿಸಿದ ಸುಮಾರು 22ನೇ ದಿನಕ್ಕೆ, ತಾಯಿಗೆ ತಾನು ಗರ್ಭಿಣಿಯೆಂದು ತಿಳಿಯುವ ಮೊದಲೇ ಎನ್ನಬಹುದು, ಈ ಕೆಲಸ ಆರಂಭವಾಗಿರುತ್ತದೆ.

ಹೃದಯ ಒಂದು ಸ್ನಾಯು ಎಂದ ಬಿಷಪರು

ಬಹುಕಾಲ ಜನರು ಹೃದಯವನ್ನು ದೇಹದ ಶಾಖದ ಒಲೆಯೆಂದೂ ಆತ್ಮದ ಪೀಠವೆಂದೂ ನಂಬಿದ್ದರು. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ, ಹೃದಯವು ರಕ್ತವನ್ನು ತಳ್ಳುತ್ತದೆ, ಅದೇ ರಕ್ತ ದೇಹವನ್ನು ಸುತ್ತಿ ಮರಳಿ ಬರುತ್ತದೆ ಎಂದು ಪುಸ್ತಕ ಬರೆದು ತೋರಿಸಿಕೊಟ್ಟರು. ಹೃದಯವು ತೊಡೆ, ತೋಳುಗಳ ಮಾಂಸದಂತೆಯೇ ಒಂದು ಸ್ನಾಯು ಎಂದು 1660ರ ದಶಕದಲ್ಲಿ ಸ್ಪಷ್ಟವಾಗಿ ಸಾರಿದವರು ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ.

ಈ ಹೆಸರನ್ನು ನಮ್ಮ ಓದುಗರು ನೆನಪಿಡಬೇಕು. 1638ರಲ್ಲಿ ಕೋಪನ್‌ಹೇಗನ್‌ನಲ್ಲಿ ಲೂಥರನ್ ಕುಟುಂಬದಲ್ಲಿ ಹುಟ್ಟಿದ ಸ್ಟೆನೊ 1667ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು, 1675ರಲ್ಲಿ ಗುರುದೀಕ್ಷೆ ಪಡೆದರು, 1677ರಲ್ಲಿ ಬಿಷಪರಾದರು. 1988ರ ಅಕ್ಟೋಬರ್ 23ರಂದು ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಪುನೀತರೆಂದು ಘೋಷಿಸಿದರು. ಹೃದಯವನ್ನು ಸ್ನಾಯು ಎಂದು ಹೇಳಿದ್ದರಿಂದ ಅವರ ವಿಶ್ವಾಸ ಕುಂದಲಿಲ್ಲ. ಸೃಷ್ಟಿಯನ್ನು ಸರಿಯಾಗಿ ನೋಡುವುದೂ ಸೃಷ್ಟಿಕರ್ತನಿಗೆ ಸಲ್ಲಿಸುವ ಗೌರವವೇ ಎಂಬುದಕ್ಕೆ ಅವರ ಬದುಕು ಸಾಕ್ಷಿ.

ಸ್ನಾಯು ಎಂದ ಮೇಲೆ ಅದಕ್ಕೂ ಊಟ ಬೇಕು, ಗಾಳಿ ಬೇಕು. ಇವು ಸಿಗದಿದ್ದರೆ ಅದು ಸಾಯುತ್ತದೆ. ಮುಂದೆ ಹೇಳುವ ಎಲ್ಲ ವಿಷಯಕ್ಕೂ ಇದೇ ಬುನಾದಿ.

ನಾಲ್ಕು ಕೋಣೆಗಳ ಮನೆ

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಮೇಲಿನವು ಬಂದ ರಕ್ತವನ್ನು ಬರಮಾಡಿಕೊಳ್ಳುವ ಜಗಲಿಯಿದ್ದಂತೆ. ಅವುಗಳ ಗೋಡೆ ತೆಳು. ಕೆಳಗಿನವು ರಕ್ತವನ್ನು ಹೊರಗೆ ತಳ್ಳುವ ಪಂಪುಗಳು; ಅವುಗಳ ಗೋಡೆ ದಪ್ಪ. ಎಡ ಮತ್ತು ಬಲ ಭಾಗಗಳ ನಡುವೆ ಗಟ್ಟಿಯಾದ ಗೋಡೆಯಿದ್ದು, ಒಂದು ಕಡೆಯ ರಕ್ತ ಇನ್ನೊಂದು ಕಡೆಗೆ ಬೆರೆಯುವುದಿಲ್ಲ. ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಈ ಗೋಡೆಯಲ್ಲಿ ರಂಧ್ರವಿರುತ್ತದೆ. 'ಹೃದಯದಲ್ಲಿ ತೂತು' ಎಂದು ನಾವು ಹೇಳುವುದು ಇದನ್ನೇ.

ಆದ್ದರಿಂದ ಹೃದಯವೆಂದರೆ ಒಂದು ಪಂಪಲ್ಲ, ಅಕ್ಕಪಕ್ಕ ಜೋಡಿಸಿದ ಎರಡು ಪಂಪುಗಳು. ದೇಹವನ್ನೆಲ್ಲ ಸುತ್ತಿ, ಆಮ್ಲಜನಕ ಕಳೆದುಕೊಂಡ ಕಡುಗೆಂಪು ರಕ್ತ ಬಲ ಹೃತ್ಕರ್ಣಕ್ಕೆ ಬರುತ್ತದೆ. ಅಲ್ಲಿಂದ ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಗಳಿಗೆ ಹೋಗುತ್ತದೆ. ಅಲ್ಲಿ ಇಂಗಾಲದ ಡೈ ಆಕ್ಸೈಡ್ ಬಿಟ್ಟು, ಆಮ್ಲಜನಕ ತುಂಬಿಕೊಂಡು, ಹೊಳಪಿನ ಕೆಂಪು ಬಣ್ಣ ತಾಳಿ ಎಡ ಹೃತ್ಕರ್ಣಕ್ಕೆ ಮರಳುತ್ತದೆ. ಅಲ್ಲಿಂದ ಎಡ ಹೃತ್ಕುಕ್ಷಿಗೆ ಇಳಿದು, ಮಹಾಪಧಮನಿ ಎಂಬ ದೊಡ್ಡ ರಕ್ತನಾಳದ ಮೂಲಕ ತಲೆಯಿಂದ ಕಾಲ್ಬೆರಳಿನ ತುದಿಯವರೆಗೆ ಹರಿಯುತ್ತದೆ.

ಬಲ ಪಂಪು ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ಮಾತ್ರ ಕಳುಹಿಸಬೇಕು. ಎಡ ಪಂಪು ಇಡೀ ದೇಹಕ್ಕೆ ಕಳುಹಿಸಬೇಕು. ಅಂಗಳದ ಗಿಡಗಳಿಗೆ ನೀರು ಬಿಡುವ ಪಂಪಿಗೂ ಗುಡ್ಡದ ಮೇಲಿನ ತೋಟಕ್ಕೆ ನೀರೇರಿಸುವ ಪಂಪಿಗೂ ಇರುವ ವ್ಯತ್ಯಾಸ ಇದು. ಆದುದರಿಂದಲೇ ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ.

ವೈದ್ಯರು ನಮ್ಮ ಬಿಪಿ ನೋಡಿ '120–80' ಎನ್ನುವುದು ಈ ಎಡ ಪಂಪಿನ ಒತ್ತಡವನ್ನೇ. ಹೃದಯ ಹಿಂಡಿಕೊಂಡಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಸಂಖ್ಯೆ. ಸಡಿಲಗೊಂಡಾಗ ಉಳಿಯುವ ಒತ್ತಡ ಕೆಳಗಿನ ಸಂಖ್ಯೆ. ವರ್ಷಗಟ್ಟಲೆ ಬಿಪಿ ಏರಿಯೇ ಇದ್ದರೆ ಪಂಪು ಪ್ರತಿ ಬಡಿತಕ್ಕೂ ಹೆಚ್ಚು ಬಲ ಹಾಕಬೇಕಾಗಿ, ಅದರ ಗೋಡೆ ಮೊದಲು ದಪ್ಪವಾಗುತ್ತದೆ, ಕೊನೆಗೆ ಸೋಲುತ್ತದೆ. ಇಷ್ಟಾದರೂ ನೋವು ಇರುವುದಿಲ್ಲ. ಆದ್ದರಿಂದ 'ನನಗೆ ಏನೂ ತೊಂದರೆ ಇಲ್ಲ' ಎಂದು ಬಿಪಿ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು.

ನಾಲ್ಕು ಬಾಗಿಲುಗಳು

ರಕ್ತ ಮುಂದಕ್ಕೆ ಮಾತ್ರ ಹೋಗಬೇಕು, ಹಿಂದಕ್ಕೆ ಬರಬಾರದು. ಅದಕ್ಕಾಗಿ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಇವು ಒಂದೇ ಕಡೆಗೆ ತೆರೆಯುವ ಬಾಗಿಲುಗಳು. ಬಲಭಾಗದ ಎರಡು ಕೋಣೆಗಳ ನಡುವೆ ಮೂರು ದಳಗಳ ಕವಾಟ, ಎಡಭಾಗದಲ್ಲಿ ಎರಡು ದಳಗಳ ಕವಾಟ, ಹೊರಹೋಗುವ ಎರಡು ದೊಡ್ಡ ನಾಳಗಳ ಬಾಯಲ್ಲಿ ಅರ್ಧಚಂದ್ರಾಕೃತಿಯ ಕವಾಟಗಳು. ಮಳೆಗಾಲದ ಗಾಳಿಗೆ ಕೊಡೆ ಮಗುಚಿಕೊಳ್ಳುವಂತೆ ಕೋಣೆಗಳ ನಡುವಿನ ಕವಾಟಗಳು ಹಿಂದಕ್ಕೆ ಮಗುಚದಿರಲು ಅವುಗಳ ಅಂಚನ್ನು ದಾರದಂಥ ತಂತುಗಳು ಕೆಳಗಿನಿಂದ ಹಿಡಿದುಕೊಂಡಿವೆ.

ಎಡಭಾಗದ ಎರಡು ದಳಗಳ ಕವಾಟಕ್ಕೆ ವೈದ್ಯರು 'ಮೈಟ್ರಲ್' ಎನ್ನುತ್ತಾರೆ. ಬಿಷಪರು ಬಲಿಪೂಜೆಯ ವೇಳೆ ಧರಿಸುವ ಎರಡು ಮೊನೆಗಳ ಮೈಟರ್ ನೆನಪಿಸಿಕೊಳ್ಳಿ. ಆ ಶಿರಸ್ತ್ರಾಣದ ಆಕಾರವನ್ನೇ ಈ ಕವಾಟದಲ್ಲಿ ಕಂಡ 16ನೇ ಶತಮಾನದ ಶರೀರರಚನಾ ಶಾಸ್ತ್ರಜ್ಞ ವೆಸಾಲಿಯಸ್ ಅವರ ಹೋಲಿಕೆಯಿಂದ ಈ ಹೆಸರು ಬಂತು. ನಮ್ಮ ಪ್ರತಿಯೊಬ್ಬರ ಹೃದಯದೊಳಗೂ ಪುಟ್ಟದೊಂದು ಮೈಟರ್ ಇದೆ ಎಂದಾಯಿತು!

ವೈದ್ಯರು ಸ್ಟೆತಸ್ಕೋಪ್ ಇಟ್ಟು ಕೇಳುವ 'ಲಬ್-ಡಬ್' ಸದ್ದು ಈ ಬಾಗಿಲುಗಳು ಮುಚ್ಚುವ ಸದ್ದು. ಕೋಣೆಗಳ ನಡುವಿನ ಬಾಗಿಲು ಮುಚ್ಚಿದಾಗ 'ಲಬ್', ಹೊರಬಾಗಿಲು ಮುಚ್ಚಿದಾಗ 'ಡಬ್'. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅಥವಾ ಪೂರ್ತಿ ತೆರೆಯದಿದ್ದರೆ ನಡುವೆ ಸುಯ್ ಎಂಬ ಸದ್ದು ಕೇಳುತ್ತದೆ.

ಇಲ್ಲಿ ನಮ್ಮ ಧರ್ಮೋಪದೇಶ ಶಿಕ್ಷಕರಿಗೂ ತಾಯಂದಿರಿಗೂ ಒಂದು ಮಾತು. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಒಂದು ಬಗೆಯ ಬ್ಯಾಕ್ಟೀರಿಯದಿಂದ ಗಂಟಲು ನೋವು ಬಂದು, ಸರಿಯಾದ ಔಷಧ ಸಿಗದಿದ್ದರೆ, ಕೆಲವರಿಗೆ ಎರಡು ಮೂರು ವಾರಗಳ ಬಳಿಕ ಜ್ವರ ಬರುತ್ತದೆ; ಮೊಣಕಾಲು, ಮಣಿಗಂಟುಗಳು ಒಂದಾದ ಮೇಲೊಂದು ಊದಿಕೊಳ್ಳುತ್ತವೆ. ಇದು ಸಂಧಿವಾತ ಜ್ವರ. ಗಂಟುಗಳ ಊತ ಇಳಿಯುತ್ತದೆ, ಆದರೆ ಈ ರೋಗ ಹೃದಯದ ಕವಾಟಗಳನ್ನು, ಅದರಲ್ಲೂ ಮೈಟ್ರಲ್ ಕವಾಟವನ್ನು ಹಾಳುಮಾಡಿ ಹೋಗುತ್ತದೆ. ಅದರ ಪರಿಣಾಮ ಕಾಣಿಸುವುದು ಹಲವು ವರ್ಷಗಳ ಮೇಲೆ. ಸಕಾಲದಲ್ಲಿ ಪತ್ತೆಯಾದರೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವೈದ್ಯರು ಹೇಳಿದಷ್ಟು ವರ್ಷ ಕೊಡಿಸಿ ಕವಾಟವನ್ನು ಉಳಿಸಬಹುದು. ಮಗು ಆರೋಗ್ಯವಾಗಿ ಕಾಣುತ್ತದೆಂದು ಇದನ್ನು ನಡುವೆ ನಿಲ್ಲಿಸಬಾರದು.

ಹೃದಯದ ವಿದ್ಯುತ್ತು

ಕೈ ಎತ್ತಬೇಕಾದರೆ ಮೆದುಳು ಅಪ್ಪಣೆ ಕೊಡಬೇಕು. ಹೃದಯಕ್ಕೆ ಹಾಗಲ್ಲ, ಅದರ ವಿದ್ಯುತ್ತು ಅದರೊಳಗೇ ಹುಟ್ಟುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ವಿಶೇಷ ಜೀವಕೋಶಗಳ ಒಂದು ಸಣ್ಣ ಗುಂಪಿದೆ. 1907ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಎಂಬಿಬ್ಬರು ಇದನ್ನು ಗುರುತಿಸಿದರು. ಚರ್ಚಿನ ಗಂಟೆ ಬಾರಿಸುವವರಂತೆ ಇದು ಕ್ಷಣ ಕ್ಷಣಕ್ಕೂ ಸಂಜ್ಞೆ ಕೊಡುತ್ತದೆ. ಸಂಜ್ಞೆ ಮೊದಲು ಮೇಲಿನ ಕೋಣೆಗಳಿಗೆ ಹರಡುತ್ತದೆ, ನಡುವೆ ಒಂದು ಕಟ್ಟೆಯಲ್ಲಿ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ತಡೆದು, ಬಳಿಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಮೇಲಿನ ಕೋಣೆಗಳು ತಮ್ಮ ರಕ್ತವನ್ನು ಪೂರ್ತಿ ಕೆಳಗೆ ಸುರಿಯಲು ಈ ಸಣ್ಣ ಬಿಡುವು ಬೇಕು. ಇಸಿಜಿ ಕಾಗದದ ಮೇಲೆ ಮೂಡುವ ಏರಿಳಿತದ ಗೆರೆ ಈ ವಿದ್ಯುತ್ತಿನ ದಾರಿಯ ಚಿತ್ರ.

ಹೃದಯದ ಸ್ವಂತ ಊಟ

ಈಗ ಮುಖ್ಯ ವಿಷಯಕ್ಕೆ ಬರೋಣ. ಹೃದಯದ ಕೋಣೆಗಳ ತುಂಬ ಯಾವಾಗಲೂ ರಕ್ತವಿದೆ. ಹಾಗಿದ್ದರೆ ಅದಕ್ಕೆ ಆಹಾರದ ಕೊರತೆ ಹೇಗೆ ಬರಲು ಸಾಧ್ಯ? ನಾವೂ ಇದೇ ಪ್ರಶ್ನೆ ಕೇಳಿದೆವು.

ಕೋಣೆಯೊಳಗೆ ಹರಿಯುವ ರಕ್ತದಿಂದ ಹೃದಯದ ದಪ್ಪ ಗೋಡೆಗೆ ಹೆಚ್ಚೇನೂ ಸಿಗುವುದಿಲ್ಲ. ಹಬ್ಬದ ಊಟದಲ್ಲಿ ಹಂಡೆಗಟ್ಟಲೆ ಅನ್ನ ಬಡಿಸುವವನ ಹೊಟ್ಟೆ ಬಡಿಸುವುದರಿಂದ ತುಂಬುವುದಿಲ್ಲವಷ್ಟೇ? ಅವನಿಗೂ ಪ್ರತ್ಯೇಕ ಎಲೆ ಹಾಕಬೇಕು. ಹೃದಯಕ್ಕೆ ಹಾಕಿದ ಆ ಎಲೆಯೇ ಕೊರೊನರಿ ರಕ್ತನಾಳಗಳು. ಮಹಾಪಧಮನಿ ಹೃದಯದಿಂದ ಹೊರಟ ಕೂಡಲೇ ಕೊಡುವ ಮೊತ್ತಮೊದಲ ಕವಲುಗಳು ಇವು. ಎಡಕ್ಕೆ ಒಂದು, ಬಲಕ್ಕೆ ಒಂದು ಹೊರಟು, ಕವಲೊಡೆದು ಹೃದಯದ ಮೇಲ್ಮೈಯನ್ನು ಕಿರೀಟದಂತೆ ಬಳಸುತ್ತವೆ. ಲ್ಯಾಟಿನ್ ಭಾಷೆಯಲ್ಲಿ 'ಕೊರೊನಾ' ಎಂದರೆ ಕಿರೀಟ. ಮುಖ್ಯ ಕವಲುಗಳ ಅಗಲ ಕೇವಲ ಮೂರು ನಾಲ್ಕು ಮಿಲಿಮೀಟರ್. ದೇಹದ ತೂಕದಲ್ಲಿ ಶೇಕಡಾ ಒಂದಕ್ಕಿಂತಲೂ ಕಡಿಮೆ ಇರುವ ಹೃದಯ, ತಾನು ತಳ್ಳುವ ರಕ್ತದಲ್ಲಿ ಸುಮಾರು ಶೇಕಡಾ ಐದನ್ನು ತನಗಾಗಿ ಈ ನಾಳಗಳ ಮೂಲಕ ಪಡೆದುಕೊಳ್ಳುತ್ತದೆ.

ಇನ್ನೊಂದು ವಿಷಯ. ಹೃದಯಕ್ಕೆ ಬಿಡುವೇ ಇಲ್ಲ ಎನ್ನುತ್ತೇವೆ. ಅದು ಪೂರ್ತಿ ನಿಜವಲ್ಲ. ಒಂದು ಬಡಿತಕ್ಕೆ ಹಿಡಿಯುವ ಸುಮಾರು 0.8 ಸೆಕೆಂಡಿನಲ್ಲಿ ಕೆಳಗಿನ ಕೋಣೆಗಳು ಹಿಂಡಿಕೊಳ್ಳುವುದು ಸುಮಾರು 0.3 ಸೆಕೆಂಡ್ ಮಾತ್ರ, ಉಳಿದ 0.5 ಸೆಕೆಂಡ್ ಸಡಿಲಗೊಂಡು ವಿಶ್ರಮಿಸುತ್ತವೆ. ಹಿಂಡಿಕೊಂಡಾಗ ಗೋಡೆಯೊಳಗಿನ ನಾಳಗಳೂ ಅದುಮಲ್ಪಡುವುದರಿಂದ, ಎಡ ಹೃತ್ಕುಕ್ಷಿಗೆ ಅದರ ಪಾಲಿನ ರಕ್ತ ಮುಖ್ಯವಾಗಿ ಸಿಗುವುದು ವಿಶ್ರಾಂತಿಯ ವೇಳೆಯಲ್ಲಿ. ದುಡಿಯುವಾಗ ಇತರರಿಗೆ ಉಣಿಸುತ್ತದೆ, ವಿಶ್ರಮಿಸುವಾಗ ತಾನು ಉಣ್ಣುತ್ತದೆ.

ಹೃದಯಾಘಾತ ಎಂದರೇನು?

ವಯಸ್ಸು, ತಂಬಾಕು, ಶುಗರ್, ಬಿಪಿ, ಕೆಟ್ಟ ಕೊಲೆಸ್ಟ್ರಾಲ್, ಕುಟುಂಬದ ಹಿನ್ನೆಲೆ ಮುಂತಾದ ಕಾರಣಗಳಿಂದ ಈ ಕೊರೊನರಿ ನಾಳಗಳ ಗೋಡೆಯಲ್ಲಿ ಕೊಬ್ಬಿನ ಗಡ್ಡೆ ಬೆಳೆಯುತ್ತದೆ. ದಾರಿ ಇಕ್ಕಟ್ಟಾದರೆ ಗುಡ್ಡ ಹತ್ತುವಾಗ, ಮೆಟ್ಟಿಲೇರುವಾಗ ಎದೆ ಬಿಗಿಯುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಇದು ಎಚ್ಚರಿಕೆಯ ಗಂಟೆ. ಒಂದು ದಿನ ಆ ಗಡ್ಡೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋದರೆ, ಆ ನಾಳವನ್ನು ನಂಬಿದ್ದ ಹೃದಯದ ಭಾಗಕ್ಕೆ ಊಟ ನಿಂತುಹೋಗುತ್ತದೆ. ಇದೇ ಹೃದಯಾಘಾತ.

ನಾಳ ಪೂರ್ತಿ ಮುಚ್ಚಿದ ಸುಮಾರು ಅರ್ಧ ಗಂಟೆಯೊಳಗೆ ಸ್ನಾಯು ಸಾಯಲು ಆರಂಭಿಸುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ಸಾವು ಒಳಗಿನಿಂದ ಹೊರಕ್ಕೆ ಹರಡುತ್ತಾ ಹೋಗುತ್ತದೆ. ಸತ್ತ ಹೃದಯ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಅಲ್ಲಿ ಉಳಿಯುವುದು ಗಾಯದ ಕಲೆ ಮಾತ್ರ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು, ಬಲೂನು ಹಾಕಿ ನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಇವೆರಡೂ ಇಂದು ಲಭ್ಯ. ಆದರೆ ಇವು ಉಳಿದಿರುವ ಸ್ನಾಯುವನ್ನು ಉಳಿಸಬಲ್ಲವೇ ಹೊರತು ಸತ್ತದ್ದನ್ನು ಎಬ್ಬಿಸಲಾರವು. ನಾವು ಸೋಡಾ ತರಿಸುತ್ತಾ ಕಳೆದ ಗಂಟೆಗಳ ಬೆಲೆ ಏನೆಂದು ನಮಗೆ ಅರ್ಥವಾದದ್ದು ಇದನ್ನು ತಿಳಿದ ಮೇಲೆ.

ಗುರುತಿಸುವುದು ಹೇಗೆ?

ಎದೆಯ ನಡುವೆ ಭಾರ, ಬಿಗಿತ, ಹಿಂಡಿದಂತೆ ಅಥವಾ ಉರಿದಂತೆ ಅನಿಸುವುದು, ಅದು ಎಡತೋಳು ಅಥವಾ ಎರಡೂ ತೋಳು, ಕುತ್ತಿಗೆ, ದವಡೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಏದುಸಿರು, ವಾಂತಿ ಬಂದಂತಾಗುವುದು, ತಲೆ ತಿರುಗುವುದು. ಹೃದಯ ಮತ್ತು ಹೊಟ್ಟೆಯ ನೋವಿನ ಸಂದೇಶಗಳು ಒಳಗೆ ಹತ್ತಿರದ ನರಗಳ ದಾರಿಯಲ್ಲೇ ಹೋಗುವುದರಿಂದ ಹೃದಯದ ನೋವು ಹೊಟ್ಟೆಯ ಮೇಲ್ಭಾಗದ ಉರಿಯಂತೆಯೂ ತೋರಬಹುದು. ಮಹಿಳೆಯರಲ್ಲಿ, ಹಿರಿಯರಲ್ಲಿ, ಶುಗರ್ ಇರುವವರಲ್ಲಿ ಎದೆನೋವೇ ಇಲ್ಲದೆ ಬರೇ ಸುಸ್ತು, ಉಸಿರುಕಟ್ಟುವಿಕೆ, ಬೆವರು ಮಾತ್ರ ಕಾಣಬಹುದು. ತೇಗು ಬಂದು ಹಗುರವಾಯಿತೆಂದರೆ ಅದು ಗ್ಯಾಸ್ಟ್ರಿಕ್ ಎಂದು ಸಾಬೀತಾದಂತಲ್ಲ. ಗ್ಯಾಸ್ಟ್ರಿಕ್ ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕಾದುದು ಇಸಿಜಿ ನೋಡಿದ ವೈದ್ಯರು, ಚರ್ಚಿನ ಅಂಗಳದಲ್ಲಿ ನಿಂತ ನಾವಲ್ಲ.

ಕೂಡಲೇ ಏನು ಮಾಡಬೇಕು?

ಮೊದಲು 108ಕ್ಕೆ ಕರೆಮಾಡಿ. ರೋಗಿಯನ್ನು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ. ಆರಾಮವಾಗಿ ಒರಗಿ ಕೂರಿಸಿ, ಅಂಗಿಯ ಗುಂಡಿ ಸಡಿಲಿಸಿ, ಸುತ್ತ ಗುಂಪುಗೂಡದಂತೆ ನೋಡಿಕೊಳ್ಳಿ. ಅವರೇ ವಾಹನ ಚಲಾಯಿಸಿಕೊಂಡು ಹೋಗಲು ಬಿಡಬೇಡಿ. ಊಟ, ಕಷಾಯ, ಸೋಡಾ ಬೇಡ. ಇನ್ನೊಬ್ಬರ ಮನೆಯಲ್ಲಿರುವ ನಾಲಗೆಯಡಿ ಇಡುವ ಮಾತ್ರೆಯನ್ನು ತಂದು ಕೊಡಬೇಡಿ. ಅದು ಬಿಪಿಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಆಸ್ಪಿರಿನ್ ಅಗಿಯಲು ಕೊಡಬೇಕೇ ಎಂದು ಫೋನಿನಲ್ಲಿ ವೈದ್ಯರನ್ನು ಅಥವಾ ಆಂಬುಲೆನ್ಸ್ ಸಿಬ್ಬಂದಿಯನ್ನು ಕೇಳಿ, ಅವರು ಹೇಳಿದಂತೆ ಮಾಡಿ. ಇಸಿಜಿ ಇರುವ ಅತಿ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ.

ಇದಕ್ಕೆ ಈಗ ಅನುಕೂಲಗಳೂ ಹೆಚ್ಚಿವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ನಾಡೆಲ್ಲ ಮರುಗಿತು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿರುವ ತಜ್ಞರು ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುವ ವ್ಯವಸ್ಥೆ ಇದು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ತಲುಪಿಸಿ, ವಾಟ್ಸಾಪ್ ಮೂಲಕ ಅಲ್ಲಿನ ವೈದ್ಯರಿಗೆ ಸಲಹೆ ದೊರಕುವಂತೆ ಮಾಡಿರುವುದನ್ನೂ ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಕುಸಿದು ಬಿದ್ದರೆ?

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಮೊದಲನೆಯದು ಊಟದ ದಾರಿ ಮುಚ್ಚಿದ್ದು, ರೋಗಿ ಮಾತನಾಡುತ್ತಿರಬಹುದು. ಎರಡನೆಯದು ವಿದ್ಯುತ್ತು ಹದಗೆಟ್ಟು ಪಂಪೇ ನಿಂತದ್ದು. ರೋಗಿ ಕುಸಿಯುತ್ತಾರೆ, ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ರಕ್ತ ಸಿಗದೆ ನಾಲ್ಕರಿಂದ ಆರು ನಿಮಿಷವಾದರೆ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಆಂಬುಲೆನ್ಸ್ ಅಷ್ಟರೊಳಗೆ ಬರುವುದು ಕಷ್ಟ. ಆ ನಿಮಿಷಗಳಲ್ಲಿ ಅವರ ಹೃದಯದ ಕೆಲಸವನ್ನು ನಮ್ಮ ಕೈಗಳು ಮಾಡಬೇಕು.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಚದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಲಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಆಗಲೇ ಹೃದಯ ರಕ್ತದಿಂದ ತುಂಬುವುದು. ದಣಿವಾದರೆ ಎರಡು ನಿಮಿಷಕ್ಕೊಮ್ಮೆ ಬದಲಾಯಿಸಿಕೊಂಡು, ನೆರವು ಬರುವವರೆಗೆ ನಿಲ್ಲಿಸದೆ ಮುಂದುವರಿಸಿ. ಇದನ್ನು ಓದಿ ತಿಳಿದರೆ ಸಾಲದು, ತರಬೇತಿಯಲ್ಲಿ ಬೊಂಬೆಯ ಮೇಲೆ ಮಾಡಿ ಕಲಿಯಬೇಕು.

ಕಾಪಾಡಿಕೊಳ್ಳುವ ದಾರಿ

ಗಂಜಿಯ ಜೊತೆ ಉಪ್ಪಿನಕಾಯಿ, ಒಣಮೀನು ನಮ್ಮ ಊರಿನ ರುಚಿ. ಆದರೆ ಬಿಪಿ ಇರುವವರಿಗೆ ಆ ಉಪ್ಪು ಭಾರ. ಹಬ್ಬ, ರೋಸ್, ಮದುವೆಗಳಲ್ಲಿ ಹಂದಿಮಾಂಸ, ಮದ್ಯ ಸಾಲುಸಾಲಾಗಿ ಬರುವ ತಿಂಗಳುಗಳಲ್ಲಿ ಕೈ ಹಿಡಿತದಲ್ಲಿರಲಿ. ಹಸಿ ಮೀನು, ತರಕಾರಿ, ಬೇಳೆಕಾಳು ಇರಲಿ. ದಿನಕ್ಕೆ ಅರ್ಧ ಗಂಟೆ ಬಿರುಸಾದ ನಡಿಗೆ ಇರಲಿ. ಬೀಡಿ, ಸಿಗರೇಟು, ತಂಬಾಕು ಪೂರ್ತಿ ಬಿಡಬೇಕು; ಕಡಿಮೆ ಮಾಡಿದ್ದೇನೆ ಎಂಬುದು ಹೃದಯಕ್ಕೆ ಸಾಲದು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿಪಿ, ಶುಗರ್ ಪರೀಕ್ಷಿಸಿಕೊಳ್ಳಲಿ.

ಧರ್ಮಕೇಂದ್ರಗಳು ಏನು ಮಾಡಬಹುದು?

ಆ ಹಿರಿಯರ ನಲವತ್ತನೇ ದಿನದ ಪೂಜೆಯ ಬಳಿಕ ನಾವು ಕುಳಿತು ಮಾತನಾಡಿದೆವು. ನಮ್ಮ ವಿಗಾರರೂ ಒಪ್ಪಿದರು. ಚರ್ಚಿನ ಸೂಚನಾ ಫಲಕದಲ್ಲಿ 108, ಹತ್ತಿರದ ಇಸಿಜಿ ಸೌಲಭ್ಯವಿರುವ ಆಸ್ಪತ್ರೆ, ರಾತ್ರಿಯೂ ಹೊರಡಲು ಒಪ್ಪಿದ ಇಬ್ಬರು ವಾಹನ ಚಾಲಕರ ದೂರವಾಣಿ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಿದೆವು. ಯುವಜನರಿಗೂ ವಾಳೆಯ ಗುರಿಕಾರರಿಗೂ ಎದೆ ಒತ್ತುವ ತರಬೇತಿ ಕೊಡಿಸಿದೆವು. ಇದಕ್ಕೆ ದೊಡ್ಡ ಖರ್ಚೇನೂ ಬರಲಿಲ್ಲ. ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿ ತನ್ನ ಮುಂದಿನ ಸಭೆಯಲ್ಲಿ ಈ ಮೂರು ವಿಷಯಗಳನ್ನು ಎತ್ತಿಕೊಳ್ಳಲಿ ಎಂಬುದು ನಮ್ಮ ವಿನಂತಿ.

ಈ ತಿಂಗಳು ಪವಿತ್ರ ಹೃದಯದ ಚಿತ್ರದ ಮುಂದೆ ಮೊಣಕಾಲೂರುವಾಗ, ನಮ್ಮ ಮನೆಯವರ ಹೃದಯಗಳನ್ನೂ ಪ್ರಭುವಿಗೆ ಒಪ್ಪಿಸೋಣ. ಒಪ್ಪಿಸಿದ ಮೇಲೆ ಎದ್ದು, ಅಪ್ಪನ ಬಿಪಿ ಮಾತ್ರೆ ಮುಗಿದಿದೆಯೇ ಎಂದು ನೋಡೋಣ. ಚರ್ಚಿನ ಮೆಟ್ಟಿಲ ಮೇಲೆ ಯಾರಾದರೂ ಎದೆ ಹಿಡಿದು ಕುಳಿತರೆ, ಸೋಡಾಕ್ಕೆ ಓಡದೆ ಫೋನಿಗೆ ಓಡೋಣ.